ಎರಡು ಕೈಗೆ ಎರಡು ವಾಚು

ಹೋದ ಶನಿವಾರ ಬೆಳಗ್ಗೆ ನಮ್ಮಣ್ಣ ಎರಡೂ ಕೈಗೆ ಒಂದೊಂದು ಸ್ಮಾರ್ಟ್ ವಾಚ್ ಕಟ್ಟಿಕೊಂಡು ಕೂತಿದ್ದ. ನಾನು ಎದುರಿಗೆ ಕೂತು ನಗುತ್ತಿದ್ದೆ.

ಆ ನಗುವಿಗೆ ಈಗಲೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಅಣ್ಣ ಮಲ್ಲಿಕಾರ್ಜುನನದು ಮುಂಡಗೋಡದಲ್ಲಿ ಕಾಳುಕಡಿಯ ಅಂಗಡಿ. ನಾನಿರುವುದು ದಾಂಡೇಲಿಯಲ್ಲಿ. ರಜೆ ಸಿಕ್ಕರೆ ಬಸ್ಸು ಹತ್ತಿ ಸೀದಾ ಅಂಗಡಿಗೇ ಹೋಗುತ್ತೇನೆ (ಅತ್ತಿಗೆ ಓದಬಾರದು, ಮನೆಗಿಂತ ಅಲ್ಲಿಯ ಚಹಾ ಚಲೋ). ಅವತ್ತು ಚಿಗಳ್ಳಿಯ ರೈತ ಫಕ್ಕೀರಪ್ಪ ಗೋವಿನಜೋಳ ತಂದಿದ್ದ. ತೂಕ ಮುಗಿಸಿ ಅಣ್ಣ ಗಾದಿಗೆ ಒರಗಿ ಹತ್ತು ನಿಮಿಷ ಆಗಿರಬೇಕು. ಅವನ ಎಡಗೈಯ ವಾಚು (ಆಗಿನ್ನೂ ಒಂದೇ ಇತ್ತು) ನಡುಗಿತು.

ನೀವು ಸುಮ್ಮನೆ ಕೂತಿದ್ದೀರಿ, ಆದರೂ ಹೃದಯ ಬಹಳ ಜೋರಾಗಿ ಬಡಿಯುತ್ತಿದೆ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು. ಕೆಳಗೆ ಅಂಕಿ: 158.

"ಏನಾತೋ ಅಣ್ಣಾ?"

"ಏನಿಲ್ಲ ತಂಗಿ. ಎದ್ಯಾಗ ಸ್ವಲ್ಪ ಪುಕುಪುಕು ಅನ್ನಾಕತ್ತೈತಿ. ಚೀಲಾ ಎತ್ತೀನಲ್ಲ, ಅದಕ್ಕ. ಈ ಕಂಪನ್ಯಾರು ಹೆದರಿಸಿ ಹೆದರಿಸೇ ವ್ಯಾಪಾರ ಮಾಡ್ತಾರ."

ನಾನು ಅವನ ಮುಖ ನೋಡಿದೆ. ಬೆವರಿರಲಿಲ್ಲ. ನೋವಿರಲಿಲ್ಲ. ಬಾಯಲ್ಲಿ ಶೇಂಗಾ ಇತ್ತು.

ಫಕ್ಕೀರಪ್ಪ ಬಿಡಲಿಲ್ಲ. "ಸಾವಕಾರ್ರ, ನಿಮ್ಮ ಕೈಯಾಗಿಂದನ್ನ ನೀವ ನಂಬಂಗಿಲ್ಲ ಅಂದ್ರ, ನಿಮ್ಮ ಕಾಂಟಾ ನಾ ಹೆಂಗ ನಂಬ್ಲಿರಿ?"

ಅಣ್ಣನಿಗೆ ಅದು ನಾಟಿತು. ಅವನ ಅಂಗಡಿಗೆ ಒಂದು ನಿಯಮವಿದೆ. ತೂಕದ ಬಗ್ಗೆ ಯಾರಾದರೂ ಅನುಮಾನಪಟ್ಟರೆ ಅವನು ವಾದಿಸುವುದಿಲ್ಲ. ಚೀಲವನ್ನು ಎದುರಿನ ಅಂಗಡಿಗೆ ಕಳಿಸಿ, ಅವರ ಕಾಂಟಾದ ಮೇಲೆ ಇನ್ನೊಮ್ಮೆ ತೂಗಿಸುತ್ತಾನೆ. ಎದುರಿನವನು ಪ್ರತಿಸ್ಪರ್ಧಿ. ಸುಳ್ಳು ಹೇಳಿ ಇವನ ಮಾನ ಉಳಿಸುವ ದರ್ದು ಅವನಿಗಿಲ್ಲ.

"ಇದನ್ನೂ ಹಂಗ ಮಾಡೂಣು" ಅಂದವನೇ ಮಗಳು ಶ್ವೇತಾಳಿಗೆ ಫೋನ್ ಮಾಡಿದ. ಅವಳದು ಬೇರೆ ಕಂಪನಿಯ ವಾಚು. "ಬಿಚ್ಚಿ ಅಂಗಡಿಗಿ ತಗೊಂಡ್ ಬಾ. ಯಾವ ಕಂಪನಿ ಸುಳ್ಳ ಹೇಳತೈತಿ ನೋಡೇ ಬಿಡೂಣು."

ಅವಳು ಬರಲು ಹದಿನೈದು ನಿಮಿಷ ಹಿಡಿಯಿತು. ಆ ಹದಿನೈದು ನಿಮಿಷ ನಾವು ಏನು ಮಾಡಿದೆವು? ಚಹಾ ಕುಡಿದೆವು. ಕಂಪನಿಗಳನ್ನು ಆಡಿಕೊಂಡೆವು. ಒಬ್ಬರು ಫೋನಿನ ಜೊತೆ ಚಾರ್ಜರ್ ಕೊಡುವುದನ್ನು ನಿಲ್ಲಿಸಿದಾಗ ಇನ್ನೊಬ್ಬರು ಗೇಲಿ ಮಾಡಿದ್ದು, ಆಮೇಲೆ ಗೇಲಿ ಮಾಡಿದವರೂ ನಿಲ್ಲಿಸಿದ್ದು. ಒಬ್ಬರ ಕ್ಯಾಮರಾಗೆ ಇನ್ನೊಬ್ಬರ ಜಾಹೀರಾತು ಟಾಂಗ್ ಕೊಡುವುದು. (ಅಣ್ಣನ ಹೃದಯ ಅಷ್ಟೂ ಹೊತ್ತು ಗಿರಣಿಯಂತೆ ಓಡುತ್ತಲೇ ಇತ್ತು. ನಾನು ಬಿ.ಎಸ್ಸಿ. ಓದಿದವಳು. ನಾನೂ ನಗುತ್ತಿದ್ದೆ.)

ಶ್ವೇತಾ ಬಂದಳು. ಬಲಗೈಗೆ ಅವಳ ವಾಚು ಕಟ್ಟಿದಳು. ಹಿಂದುಗಡೆ ಹಸಿರು ದೀಪ ಮಿನುಗಿತು. ನಾಲ್ವರೂ ಬಗ್ಗಿ ನೋಡಿದೆವು.

161.

ಫಕ್ಕೀರಪ್ಪ ಹಲ್ಲು ಕಿರಿಯುವುದನ್ನು ನಿಲ್ಲಿಸಿದ. ಅಣ್ಣ ಎಡಗೈ ನೋಡಿದ, ಬಲಗೈ ನೋಡಿದ. "ಈ ಇಬ್ಬರು ಕಂಪನ್ಯಾರೂ ಒಂದ ಮಾತ ಹೇಳಾಕತ್ತಾರ ಅಂದ್ರ..." ಎಂದು ಅರ್ಧಕ್ಕೆ ಬಿಟ್ಟು, ತಾನೇ ಎದ್ದು ಚಪ್ಪಲಿ ಹುಡುಕಿದ.

"ಪಪ್ಪಾ, ಚಪ್ಪಲಿ ಬಿಡ್ರಿ, ನಡೀರಿ ಮೊದಲ!" ಶ್ವೇತಾ ಕಿರುಚಿದಳು.

ದವಾಖಾನೆಯಲ್ಲಿ ಮಲಗಿಸಿ ಇಸಿಜಿ ಹಚ್ಚಿದರು. ಕಾಗದದ ಪಟ್ಟಿ ಇನ್ನೂ ಹೊರಬರುತ್ತಿತ್ತು. "ತಂಗಿ, ಅಂಗಡಿ ಬಾಗಲಾ..." ಅಂದ ಅಣ್ಣ ಮಾತು ಮುಗಿಸಲಿಲ್ಲ. ಕಣ್ಣು ಮೇಲಕ್ಕೆ ಹೋಯಿತು. ನಮ್ಮನ್ನು ಹೊರಗೆ ತಳ್ಳಿದರು. ಬಾಗಿಲ ಸಂದಿಯಲ್ಲಿ, ಎದೆಗೆ ಕರೆಂಟ್ ಕೊಟ್ಟಾಗ ಅವನ ದೇಹ ಒಮ್ಮೆ ಮೇಲೆದ್ದು ಬಿದ್ದದ್ದನ್ನು ಕಂಡೆ. ಅದೊಂದು ದೃಶ್ಯ ಈಗ ದಿನಕ್ಕೆ ಹತ್ತು ಸಲ ಕಣ್ಣಮುಂದೆ ಬರುತ್ತದೆ. ಅನ್ನ ಬಸಿಯುವಾಗ, ಬಸ್ಸಿನಲ್ಲಿ, ಇದನ್ನು ಬರೆಯುವಾಗಲೂ.

ಬದುಕಿದ. ಈಗ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾನೆ, ಉಪ್ಪಿಲ್ಲದ ಗಂಜಿಗೆ ಬೈಯುತ್ತಿದ್ದಾನೆ. "ಇನ್ನೊಂದ ಐದು ನಿಮಿಷ ತಡಾ ಮಾಡಿದ್ರ ಅಂಗಡ್ಯಾಗ ಬೀಳ್ತಿದ್ರು" ಎಂದು ಮುಂಡಗೋಡದ ಡಾಕ್ಟರ್ ಅವತ್ತೇ ಹೇಳಿದ್ದರು.

ಐವತ್ತು ವರ್ಷದಿಂದ ಆ ಮುಖವನ್ನು ನೋಡುತ್ತಿದ್ದೇನೆ. ಸಿಟ್ಟು ಬರುವ ಮೊದಲೇ ನನಗೆ ಗೊತ್ತಾಗುತ್ತದೆ. ಅವತ್ತು ಏನೂ ಕಾಣಲಿಲ್ಲ. ಬಟಾಣಿಯಷ್ಟು ಹಸಿರು ಬೆಳಕು ಚರ್ಮದೊಳಗೆ ಇಣುಕಿ, ನೆತ್ತರಿನ ಓಟ ಎಣಿಸಿ, ಹೇಳಿಬಿಟ್ಟಿತು! ಯಾವ ಊರಿನ ಯಾವ ಮೇಜಿನ ಮೇಲೆ, ಯಾರು ಕೂತು ಇದನ್ನು ಯೋಚಿಸಿದರೋ. ಅವರಿಗೆ ನಮ್ಮಣ್ಣ ಬೇಕಿರಲಿಲ್ಲ, ಎದುರಾಳಿಯನ್ನು ಹಿಂದೆ ಹಾಕಬೇಕಿತ್ತು. ಒಬ್ಬರು ಕೈಗಡಿಯಾರದಲ್ಲಿ ನಾಡಿ ಹಿಡಿದರೆಂದು ಇನ್ನೊಬ್ಬರೂ ಹಿಡಿದರು. ಲಾಭದ ಓಟವೇ ಇರಲಿ. ಆ ಓಟದಲ್ಲಿ ಎದ್ದ ಧೂಳಿನಂಥದ್ದೊಂದು ಬಂದು ಮುಂಡಗೋಡದ ಒಂದು ಗಾದಿಯ ಮೇಲೆ ಕೂತಿತಲ್ಲ, ಅದಕ್ಕೆ ನಾನು ಬೆರಗಾಗಿದ್ದೇನೆ. ಕೈಮುಗಿಯಬೇಕು ಅನಿಸುತ್ತದೆ, ಯಾರಿಗೆ ಅಂತ ಗೊತ್ತಿಲ್ಲ.

ಆದರೂ ಒಂದು ಪ್ರಶ್ನೆ ಹೋಗುತ್ತಿಲ್ಲ. ಅವತ್ತು ಶ್ವೇತಾಳ ವಾಚು 161ರ ಬದಲು 90 ಎಂದು ತೋರಿಸಿದ್ದರೆ? ಆಸ್ಪತ್ರೆಯಲ್ಲಿ ಅಣ್ಣನನ್ನೇ ಕೇಳಿದೆ.

ನಗದೇ ಹೇಳಿದ: "ಮೂರನೇ ಕಂಪನಿದ್ದು ಯಾರ ಹತ್ರ ಐತಿ ಅಂತ ಕೇಳ್ತಿದ್ನಿ."