ಗಾದಿಗನೂರಿನ ಹೊಲದಡಿಯ ಸಮುದ್ರ

ಗೆಳೆಯರೇ, ಇವತ್ತು ಗಾದಿಗನೂರಿನಲ್ಲಿ ನಮ್ಮ ಸರ್ವೆ ನಿಂತೇ ಹೋಗುತ್ತಿತ್ತು.

ಸಂಡೂರು ಸೀಮೆಯಲ್ಲಿ ನೂರಾರು ಕೋಟಿ ವರ್ಷಗಳ ಹಿಂದೆ ಸಮುದ್ರವಿತ್ತು. ಅದು ಎಲ್ಲಿಯವರೆಗೆ ಹರಡಿತ್ತು ಎಂದು ಹುಡುಕುವುದು ನನ್ನ ಕೆಲಸ. ಬೋರ್ ಕೊರೆದಾಗ ಸಿಕ್ಕ ಕಲ್ಲುಗಳಿಂದ ಆಯಾ ಜಾಗದಲ್ಲಿ ಅದರ ತಳ ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತದೆ. ಎರಡು ಬೋರ್‌ಗಳ ನಡುವಿನ ಜಾಗದಲ್ಲಿ ವೈರು ಹಾಸಿ, ನೆಲಕ್ಕೆ ಸುತ್ತಿಗೆಯಿಂದ ಹೊಡೆದು, ಕೆಳಗಿನ ಪದರಗಳಿಂದ ಮರಳುವ ಕಂಪನವನ್ನು ದಾಖಲಿಸುತ್ತೇವೆ.

ಹೊಲದ ಒಡತಿ ಈರಮ್ಮ ಬಂದವರೇ ನಮ್ಮ ವೈರು ಕಿತ್ತೆಸೆದರು. "ಮೈನ್ಸ್‌ನೋರು ಹಿಂಗ ಅಳತಿ ಮಾಡ್ಕಂತ ಬಂದು ಪಕ್ಕದ ಹೊಲ ನುಂಗ್ಯಾರ. ಏಳ್ರಿ ಮ್ಯಾಲೆ!"

"ಅದಿರು ಬ್ಯಾಡಮ್ಮಾ, ಹಳೇ ಸಮುದ್ರ ಹುಡುಕಾಕ ಬಂದೀವಿ" ಎಂದು ಲ್ಯಾಪ್‌ಟಾಪಿನಲ್ಲಿ ಪದರಗಳನ್ನು ತೋರಿಸಿದೆ.

ಬಗ್ಗಿ ನೋಡಿದರು. "ನಮ್ಮ ಹೊಲದಾಗ ಸಮುದ್ರಾ? ಹೊಲಕ್ಕೇನೂ ಆಗಂಗಿಲ್ಲ ಹೌದಲ್ರೀ?"

"ಹೊಲ ನಿಮ್ದೇ. ಸಂಜೀಕ ವೈರು ಸುತ್ಕಂಡು ಹೋಗ್ತೀವಿ."

ಅಕ್ಕಪಕ್ಕದ ಸದ್ದು ನಮ್ಮ ಕೆಲಸಕ್ಕೆ ಅಡ್ಡಿ ಎಂದು ತಿಳಿದದ್ದೇ ತಡ, ಅವರೇ ಬದುವಿನ ಮೇಲೆ ನಿಂತು ದಾರಿಯಲ್ಲಿ ಬರುತ್ತಿದ್ದ ಟ್ರ್ಯಾಕ್ಟರಿನವನನ್ನು ತಡೆದರು. "ಲೇ, ಬಂದ್ ಮಾಡಲೇ! ಸಮುದ್ರ ಕೇಳಾಕ ಹತ್ಯಾರ!"

ದಾಖಲೆ ಮಸ್ತ್ ಬಂದಿದೆ. ಸಮುದ್ರದ ತಳ ಆ ಹೊಲದ ಕೆಳಗೂ ಹಾಯ್ದು ಮುಂದೆ ಹೋಗಿದೆ. ಒಂದು ಕಡೆ ಮಾತ್ರ ಭಾರಿ ಗದ್ದಲ ಬಿದ್ದಿದೆ: ಅದು ಈರಮ್ಮನವರು ಟ್ರ್ಯಾಕ್ಟರಿನವನನ್ನು ಗದರಿಸಿದ್ದು.