ಹಿತ್ತಲಿಗೆ ಬಂದ ಇಲಿ

ಇವತ್ತು ಬೆಳಗ್ಗೆ ಪಕ್ಕದ ಮನೆಯ ಕಡೆಯಿಂದ ಸುಟ್ಟ ಒಣಮೆಣಸಿನಕಾಯಿಯ ಘಾಟು ಬಂತು. ಇಲಿಬಿಲಕ್ಕೆ ಹೊಗೆ ಹಾಕುತ್ತಿದ್ದಾರೆ ಎಂದು ನೋಡದೆಯೇ ಗೊತ್ತಾಯಿತು. ಮೊದಲು ಕೆಮ್ಮು ಬಂತು, ಆಮೇಲೆ ಕಣ್ಣಲ್ಲಿ ನೀರು, ಅದರ ಹಿಂದೆಯೇ ನಮ್ಮತ್ತೆ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಆದರೂ ಈ ಘಾಟಿಗೆ ತಪ್ಪದೆ ಬರುತ್ತಾರೆ.

ನನ್ನ ತವರು ಮಾಲೂರಿನ ಕಡೆ. ಕೊಟ್ಟಿದ್ದು ಮುಳಬಾಗಿಲಿನ ಆಚೆ, ಬೆಟ್ಟದ ಬುಡದ ಒಂದು ಹಳ್ಳಿಗೆ. ಆಗ ಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಅಕ್ಕಿಯಂತೂ ಕೇಳಲೇಬೇಡಿ. ಯಜಮಾನರು ಶ್ರೀನಿವಾಸಪುರದಲ್ಲಿ ಮೇಷ್ಟ್ರಾಗಿದ್ದು, ಶನಿವಾರ ಸಂಜೆ ಮನೆಗೆ ಬರುತ್ತಿದ್ದರು. ಉಳಿದ ದಿನ ಮನೆಯಲ್ಲಿ ಅತ್ತೆ ಮತ್ತು ನಾನು. ಊರಿನಲ್ಲಿ ಮುಕ್ಕಾಲು ಪಾಲು ಮಾತು ತೆಲುಗು. ನನಗೆ ಆ ಭಾಷೆಯ ಗಂಧವೂ ಇರಲಿಲ್ಲ.

ಹಿತ್ತಲು ಅತ್ತೆಯದು. ಅವರೆ, ಬದನೆ, ಹಿರೇಕಾಯಿ ಚಪ್ಪರ, ಗೆಣಸಿನ ಪಾತಿ, ಒಂದು ಸೀಬೆಗಿಡ. ಅವರೆಗೆ ಹೇನು ಹತ್ತಿದರೆ ಇಬ್ಬನಿ ಆರುವ ಮೊದಲೇ ಒಲೆಬೂದಿ ಎರಚುತ್ತಿದ್ದರು. ಗಿಳಿಗಳಿಗಾಗಿ ಸೀಬೆಕಾಯಿಗಳಿಗೆ ಹಳೆ ಬಟ್ಟೆ ಸುತ್ತುತ್ತಿದ್ದರು. ಒಡೆದ ಮಡಕೆಗೆ ಸುಣ್ಣದ ಬೊಟ್ಟಿಟ್ಟು ಕೋಲಿಗೆ ಸಿಕ್ಕಿಸಿದ್ದರು. ಅದಕ್ಕೆ ಹಕ್ಕಿಗಳು ಹೆದರಿದ್ದನ್ನು ನಾನು ಕಾಣಲಿಲ್ಲ, ಹೆದರಿದವಳು ಹೊಸದಾಗಿ ಬಂದ ನಾನೊಬ್ಬಳೇ. ಅತ್ತೆಯ ನಿಜವಾದ ಹಗೆ ಇಲಿ, ಬಿಲ ಕಂಡರೆ ಒಣಮೆಣಸಿನಕಾಯಿಯ ಹೊಗೆ ಹಾಕುತ್ತಿದ್ದರು. ಗೆಣಸನ್ನು ಮಣ್ಣೊಳಗೇ ತಿಂದು, ಮೇಲೆ ಬಳ್ಳಿಯನ್ನು ಹಸಿರಾಗಿಯೇ ಬಿಟ್ಟು ಮೋಸಮಾಡುವ ಜಾತಿ ಅದು.

ಮುಟ್ಟದೆ ಬಿಟ್ಟಿದ್ದು ಒಂದನ್ನು ಮಾತ್ರ, ಮೂಲೆಯ ಹುತ್ತ. ನಾಗರ ಚೌತಿಗೆ ಹಾಲೆರೆಯುವ ಹುತ್ತ. ಅದರ ಗೆದ್ದಲು ಬೇಲಿಯ ಗೂಟಗಳನ್ನು ತಿಂದು ಮುಗಿಸಿತ್ತು. ಅಲ್ಲಿ ಬೇಲಿ ಅನ್ನುವುದು ನಾಲ್ಕು ಜಾಲಿಮುಳ್ಳಿನ ಕೊಂಬೆ, ಅಷ್ಟೇ.

ಅತ್ತೆ ಹಗಲೆಲ್ಲ ಆ ಹಿತ್ತಲಲ್ಲಿ ಸುತ್ತುತ್ತಲೇ ಇರುತ್ತಿದ್ದರು. ನೆರಳಲ್ಲಿ ಕೂತು ಕಾಯಬಹುದಲ್ಲ ಅಂದುಕೊಳ್ಳುತ್ತಿದ್ದೆ. ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ‘ನಾನೂ ಬರಲಾ ಅತ್ತೆ?’ ಎಂದರೆ ಉತ್ತರವೇ ಇಲ್ಲ. ‘ನೀರು ಹಾಕಲಾ?’ ಅದಕ್ಕೂ ಇಲ್ಲ. ನಾನು ಮೆಲ್ಲಗೆ ಮಾತಾಡುವವಳು; ಸೊಸೆಯ ದನಿ ಹೊಸಿಲು ದಾಟಬಾರದು ಎಂದು ತವರಲ್ಲಿ ಕಲಿಸಿದ್ದರು. ತೆಲುಗು ಬಾರದ ಸೊಸೆ ಅತ್ತೆಗೆ ಬೇಡವಾಗಿದ್ದಾಳೆ ಎಂದೇ ತಿಳಿದೆ. ತಾಯಿಯ ಬಗ್ಗೆ ಮಗನ ಹತ್ತಿರ ದೂರು ಹೇಳುವುದು ಹೇಗೆ? ಒಲೆಯ ಮುಂದೆ ಅಳುತ್ತಿದ್ದೆ. ಒಲೆಯ ಮುಂದೆ ಅತ್ತರೆ ಹೊಗೆಯ ಲೆಕ್ಕಕ್ಕೆ ಹೋಗುತ್ತದೆ.

ಆವತ್ತು ಬೆಳಗ್ಗೆ ಅತ್ತೆ ಮುದ್ದೆ ತಿರುವುತ್ತಿದ್ದರು. ಪಕ್ಕದ ಮನೆಯ ಮುನಿಯಮ್ಮ ಗೋಡೆಯಾಚೆಯಿಂದ ಕೂಗಿದಳು.

“ಅಕ್ಕೋ! ಮೀ ದೊಡ್ಡಿಲೋ ಎಲುಗೊಚ್ಚಿಂದಿ!”

ಮುನಿಯಮ್ಮ ಕೋಳಿ ತಪ್ಪಿಸಿಕೊಂಡರೂ ಹಾಗೆಯೇ ಕೂಗುವವಳು. ನನಗೆ ದೊಡ್ಡಿ ಎಂದರೆ ಹಿತ್ತಲು ಎನ್ನುವಷ್ಟು ತಿಳಿಯಿತು. ಅತ್ತೆ ತಲೆ ಓರೆಮಾಡಿ, ಸ್ವಲ್ಪ ತಡೆದು ಹೇಳಿದರು.

“ಹಿತ್ತಲಿಗೆ ಇಲಿ ಬಂದೈತಂತೆ. ಕೈ ಬಿಡುವಿಲ್ಲ ನಂಗೆ. ಹೋಗಮ್ಮಾಯಿ, ಓಡ್ಸು.”

ನನ್ನ ಸಂತೋಷ ನೀವು ನೋಡಬೇಕಿತ್ತು. ಹಿತ್ತಲಿಗೆ ಹೋಗು ಎಂದು ಅವರು ಹೇಳಿದ್ದು ಅದೇ ಮೊದಲು. ಸೆರಗು ಸಿಕ್ಕಿಸಿ, ಪೊರಕೆ ಹಿಡಿದು ಹೊರಟೆ.

ಮಂಜಿತ್ತು. ಹುತ್ತದ ಹತ್ತಿರ ಕರಿಕಂಬಳಿ ಹೊದ್ದ ಯಾರೋ ಬಗ್ಗಿ ಮಣ್ಣು ಕೆದಕುತ್ತಿದ್ದರು. ಬುಸ್ಸೆಂದು ಊದುವ ಸದ್ದು, ಆಮೇಲೆ ಹೀರುವ ಸದ್ದು. ಊರಿನ ಯಾರೋ ಹಿರಿಯರು, ನೆಗಡಿಯಾಗಿದೆ ಅಂದುಕೊಂಡೆ. “ಅಣ್ಣಾ, ಪೂಜೆ ಮಾಡೋ ಹುತ್ತ ಅದು, ಅಗೀಬೇಡಿ” ಎಂದೆ. ಕಂಬಳಿ ತಿರುಗಿತು. ಉದ್ದ ಮೂತಿ, ಮೂತಿಯ ತುಂಬ ಕೆಮ್ಮಣ್ಣು. ಅದು ಎರಡು ಕಾಲ ಮೇಲೆ ಎದ್ದು ನಿಂತಿತು. ಎದೆಯ ಮೇಲಿನ ಬಿಳಿ ಗೆರೆ ನನ್ನ ಕಣ್ಣಿನ ನೇರಕ್ಕೆ ಬಂತು. ನನ್ನ ಕಾಲು ಕದಲಲಿಲ್ಲ. ಪೊರಕೆಯನ್ನು ಮಾತ್ರ ಇಲಿಗೆ ಎತ್ತಿದ ಹಾಗೇ ಎತ್ತಿ ಹಿಡಿದಿದ್ದೆ.

ಮುನಿಯಮ್ಮ ಗೋಡೆ ಹತ್ತಿ ಈಗ ಪೂರಾ ಮಾತು ಕಿರುಚಿದಳು. “ಎಲುಗುಬಂಟಿ! ಅಕ್ಕಾ, ಎಲುಗುಬಂಟಿ!”

ಎಲುಕ ಅಂದರೆ ತೆಲುಗಿನಲ್ಲಿ ಇಲಿ. ಎಲುಗು ಅಂದರೆ ಕರಡಿ. ಕೂಗುವಾಗ ಎರಡಕ್ಕೂ ನಡುವೆ ಇರುವುದು ಕ ಮತ್ತು ಗ, ಅಷ್ಟೇ.

ಅತ್ತೆ ಬಂದಿದ್ದು ಬದನೆಗಿಡಗಳನ್ನು ತುಳಿದುಕೊಂಡು. ಒಂದು ಎಲೆ ಹರಿದರೂ ಸಂಕಟಪಡುವವರು ಸಾಲಿನ ಮೇಲೆಯೇ ಓಡಿ ಬಂದರು. ಕೈಯಲ್ಲಿ ಮುದ್ದೆಕೋಲು, ಅದರ ತುದಿಯಲ್ಲಿ ಹಬೆಯಾಡುವ ಹಿಟ್ಟು. ನನ್ನನ್ನು ಪಕ್ಕಕ್ಕೆ ತಳ್ಳಿ ಆ ಕೋಲನ್ನು ಕರಡಿಯ ಮೂತಿಗೆ ತಿವಿದರು. ಅದು ಒಂದೇ ಸಲ ಕೈ ಬೀಸಿತು. ಆಮೇಲೆ ಮೂತಿ ಉಜ್ಜಿಕೊಂಡು, ಬಂದ ಕಂಡಿಯಲ್ಲೇ ಬೆಟ್ಟದ ಕಡೆ ಹೋಯಿತು. ಅತ್ತೆ ನಿಂತೇ ಇದ್ದರು. ಬಲಗೈ ಮೊಣಕೈಯಿಂದ ಕೆಳಗೆ ಸೀಳಿತ್ತು.

ಗಾಡಿಯಲ್ಲಿ ಮುಳಬಾಗಿಲಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗಾಡಿಯವನು ನಮ್ಮಿಬ್ಬರನ್ನು ಮಾತಾಡಿಸಲು ನೋಡಿದ. “ಏನಮ್ಮ, ನಿಮ್ ಮಾಲೂರ್ ಕಡೆ ಇಲಿಗಳು ಅಷ್ಟು ದಪ್ಪ ಇರ್ತಾವಾ?” ಅತ್ತೆ ನಗಲಿಲ್ಲ. ನನ್ನ ಸೆರಗು ಹಿಡಿದು ಹತ್ತಿರ ಎಳೆದರು.

“ಅಮ್ಮಾಯಿ, ನಂಗೆ ಕಿವಿ ಕೇಳ್ಸಲ್ಲ. ಕೂಗಿದ್ರೂ ಅರ್ಧಂಬರ್ಧ. ನೀನು ಬರೋಕ್ ಮುಂಚಿಂದಾನೂ.”

ನಾನು ಅವರ ಪಕ್ಕಕ್ಕೆ ಸರಿದು ಕೂತೆ.

“ಯಾರ್ಗೂ ಹೇಳಿಲ್ಲ, ನನ್ ಮಗನ್ಗೂ. ಹಿತ್ತಲು ಕಾಯೋದು ಕಿವೀಲಿ. ಮೇಕೆ ಬಂದ್ರೂ ಗಿಳಿ ಬಂದ್ರೂ ಮೊದ್ಲು ಸದ್ದು ಕೇಳ್ಬೇಕು. ಕಿವುಡಿ ಅಂತ ಗೊತ್ತಾದ್ರೆ ಒಂದು ಮೂಲೇಲಿ ಕೂರ್ಸಿಬಿಡ್ತಾರೆ. ನೀನೂ ಹೇಳ್ಬೇಡ.”

ಹಾಗಾದರೆ ಆ ಸುತ್ತಾಟ ಅದಕ್ಕೇ. ನನಗೆ ಉತ್ತರ ಕೊಡದಿದ್ದುದೂ ಅದಕ್ಕೇ. ನಾನು ಹೂಂ ಎಂದೆ. ಅದು ಅವರಿಗೆ ಕೇಳಿಸಲಿಲ್ಲ. ಮತ್ತೆ ಗಟ್ಟಿಯಾಗಿ ಹೂಂ ಎಂದೆ. ಎತ್ತುಗಳು ಬೆದರಿದವು.

ಗಾಯ ಮಾಗಿತು, ಎರಡು ಬೆರಳು ಮಾತ್ರ ಮಡಚಲು ಬರಲಿಲ್ಲ. ಹುತ್ತವನ್ನು ಅಗೆದುಹಾಕೋಣ ಎಂದು ಯಜಮಾನರು ಹೇಳಿದಾಗ ಅತ್ತೆ ಒಪ್ಪಲಿಲ್ಲ, ಕಲ್ಲಿನ ಗೋಡೆ ಹಾಕಿಸಿದರು. ಮುದ್ದೆ ತಿರುವುವ ಕೆಲಸ ನನ್ನ ಪಾಲಿಗೆ ಬಂತು, ಅದರ ಜೊತೆಗೆ ಕೇಳುವ ಕೆಲಸವೂ ಬಂತು. ಒಲೆಯ ಮುಂದೆ ಕೂತೇ ಕೂಗುತ್ತಿದ್ದೆ, “ಅತ್ತೇ, ಹಿರೇಕಾಯಿ ಚಪ್ಪರದ ಹತ್ರ ಮೇಕೆ!” “ಅತ್ತೇ, ಸೀಬೆಗಿಡಕ್ಕೆ ಗಿಳಿ!” ಅವರು ಸರಿಯಾದ ಜಾಗಕ್ಕೆ ಹೋಗಿ ಓಡಿಸುತ್ತಿದ್ದರು. ಊರಿನವರು ಬೇರೆ ರೀತಿ ಕೇಳಿಸಿಕೊಂಡರು. “ನೋಡೇ, ಮಾಲೂರಿನ ಸೊಸೆ ಬಾಯಿ ಬಿಟ್ಲು. ಅತ್ತೆ ಮೇಲೇ ಹೆಂಗ್ ಅರಚ್ತಾಳೆ!” ಎಂದು ಮುನಿಯಮ್ಮ ಬಾವಿಕಟ್ಟೆಯಲ್ಲಿ ಹೇಳಿದ್ದು ನನ್ನ ಕಿವಿಗೇ ಬಿತ್ತು. ಯಜಮಾನರೂ ಒಂದೆರಡು ಸಲ ಮುಖ ಸಿಂಡರಿಸಿದರು. ಗಯ್ಯಾಳಿ ಎಂಬ ಹೆಸರು ಅಂಟಿಕೊಂಡಿತು. ಅತ್ತೆ ಕೊನೆಯವರೆಗೂ ಹಿತ್ತಲಲ್ಲೇ ಇದ್ದರು.

ಅವರು ಹೋದರೂ ನನ್ನ ದನಿ ಇಳಿಯಲಿಲ್ಲ. ಈಗ ಕೋಲಾರದಲ್ಲಿ ಮಗನ ಮನೆ. ಘಾಟು ಬರುತ್ತಿದೆ, ಕಿಟಕಿ ಮುಚ್ಚು ಎಂದು ಇವತ್ತು ಸೊಸೆಗೆ ಕೂಗಿ ಹೇಳಿದೆ. ಅವಳು ಬಂದು ಕಿಟಕಿ ಮುಚ್ಚಿದಳು.

“ಯಾಕತ್ತೆ ಹಿಂಗ್ ಕೂಗ್ತೀರಾ? ಮನೇಲಿ ಕಿವುಡ್ರು ಯಾರಿದಾರೆ?”

ಈ ಮಾತನ್ನು ಅವಳು ಹಿಂದೆಯೂ ಕೇಳಿದ್ದಾಳೆ. ಪ್ರತಿಸಲವೂ ನಕ್ಕು ಸುಮ್ಮನಾಗುತ್ತಿದ್ದೆ. ಇವತ್ತು ಕೂತುಕೋ ಎಂದೆ.

“ಒಬ್ಬರಿದ್ರು ಕಣಮ್ಮ,” ಎಂದು ಮೆಲ್ಲಗೆ ಹೇಳಿದೆ. ಅವಳಿಗೆ ಕೇಳಿಸಿತು.