ಸ್ಕಾಟ್ಲೆಂಡಿನಲ್ಲಿ ಮಗಳೇ ಕೂತಳಂತೆ

ನಮ್ಮ ಮಾವನವರು ದೇಸಾಯರು. ನಾನು ಮದುವೆಯಾಗಿ ಬರುವ ಹೊತ್ತಿಗೆ ದೇಸಗತಿಯ ವಂಶಪಾರಂಪರ್ಯ ಹಕ್ಕಾದ ವತನ ಹೋಗಿತ್ತು. ಎಪ್ಪತ್ತರ ದಶಕದಲ್ಲಿ ಜಮೀನೂ ಉಳುವವರ ಪಾಲಾಯಿತು. ಉಳಿದದ್ದು ಖಾನಾಪುರದಾಚೆ, ನಂದಗಡದ ದಾರಿಯ ಹಳ್ಳಿಯಲ್ಲಿ ಸೋರುವ ಒಂದು ವಾಡೆ, ಅದರ ಪಡಸಾಲೆಯಲ್ಲಿ ಒಂದು ಗಾದಿ, ಮತ್ತು ಒಂದು ಕೆಂಪು ರುಮಾಲು. ದಸರೆಯ ಸಂಜೆ ಮಾವನವರು ರುಮಾಲು ಸುತ್ತಿಸಿಕೊಂಡು ಗಾದಿಯ ಮೇಲೆ ಕೂರುತ್ತಿದ್ದರು. ಊರವರು ಬನ್ನಿ ಎಲೆಯನ್ನು ಮೊದಲು ಅವರ ಕೈಗೆ ಕೊಟ್ಟು, ಆಮೇಲೆ ತಮ್ಮೊಳಗೆ ಹಂಚಿಕೊಳ್ಳುತ್ತಿದ್ದರು. ಕತ್ತಲಾಗುವಷ್ಟರಲ್ಲಿ ರಾಜ್ಯಭಾರ ಮುಗಿಯುತ್ತಿತ್ತು.

ಅಷ್ಟಕ್ಕಾಗಿ ಆ ಮನೆಯಲ್ಲಿ ಎಂಥ ಕುಸ್ತಿ! ಈಗ ಈ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುವಾಗಲೂ ಸಿಟ್ಟು ಬೆರಳಿಗೆ ಬರುತ್ತದೆ.

ನನ್ನ ಗಂಡ ಹಿರಿಯ ಮಗ. ಬೆಳಗಾವಿಯಲ್ಲಿ ನೌಕರಿ, ಮಹಾಂತೇಶ ನಗರದಲ್ಲಿ ಮನೆ, ನಮಗೆ ಒಬ್ಬಳೇ ಮಗಳು. ಮೈದುನ ವಾಡೆಯಲ್ಲೇ ಇದ್ದ, ಅವನಿಗೆ ಗಂಡುಮಕ್ಕಳು. ಒಂದು ದಿನ ಊಟದ ನಡುವೆ ಮಾವನವರು ಉಪ್ಪು ಕೇಳುವ ಧ್ವನಿಯಲ್ಲೇ ಹೇಳಿಬಿಟ್ಟರು: "ನನ್ನ ಹಿಂದ ಗಾದಿ ಸಣ್ಣಾಂವಗ. ಗಂಡಮಗಾ ಇಲ್ಲದ ತಲಿಗೆ ರುಮಾಲು ಇಲ್ಲ."

ನಾನು ಗಂಡನನ್ನು ಹಿಡಿದೆ. "ಏನ್ರೀ, ಹಿರೇಮಗಾ ನೀವು. ನಿಮ್ಮ ಹಿಂದ ನಮ್ಮ ಹುಡುಗಿ ಅದಾಳ. ಒಂದ್ ಮಾತರ ಕೇಳಬಾರದ?"

"ಬರೇ ಅರಿವಿ ತುಂಡು ಐತಿ ಅದು. ಬಿಡ."

"ಬರೇ ಅರಿವಿ ತುಂಡಾದ್ರ ನಿಮ್ಮ ತಮ್ಮ ಯಾಕ ಬಿಡವಲ್ಲ?"

ಅವರು ಪೇಪರು ಮುಖಕ್ಕೆ ಎತ್ತಿಕೊಂಡರು. ನಮ್ಮ ಸಂಸಾರದುದ್ದಕ್ಕೂ ಆ ಪೇಪರಿನ ಹಿಂಭಾಗವನ್ನು ನಾನು ಓದಿದಷ್ಟು ಬೆಳಗಾವಿಯಲ್ಲಿ ಬೇರೆ ಯಾರೂ ಓದಿರಲಿಕ್ಕಿಲ್ಲ.

ಇಷ್ಟಕ್ಕೂ ಆ ರುಮಾಲನ್ನು ಕಟ್ಟುತ್ತಿದ್ದವಳು ನನ್ನ ಮಗಳೇ. ಅದು ಟೊಪ್ಪಿಗೆಯಂತೆ ಎತ್ತಿ ಇಟ್ಟುಕೊಳ್ಳುವ ವಸ್ತುವಲ್ಲ. ಪ್ರತಿ ದಸರೆಗೆ ಗಾದಿಯವರ ತಲೆಯ ಮೇಲೆಯೇ ಹೊಸದಾಗಿ ಸುತ್ತಬೇಕು. ಊರವರ ಪಟಕಾದ ಸುತ್ತು ಬೇರೆ, ನಮ್ಮ ಮನೆಯ ಸುತ್ತು ಬೇರೆ. ಎಡಗಿವಿಯ ಮೇಲೆ ಒಂದು ಮಡಿಕೆ ಬಂದೇ ತೀರಬೇಕು. ಮಾವನವರ ಕೈ ನಡುಗಲು ಶುರುವಾದಾಗ ಮೊಮ್ಮಗಳು ಅರಿವೆಯ ತುದಿ ಹಿಡಿದು ನಿಂತಳು. ಆಮೇಲೆ ತಾಮ್ರದ ಕೊಡಕ್ಕೆ ಸುತ್ತಿ ಕಲಿತಳು, ಕೊನೆಗೆ ಅಜ್ಜನ ತಲೆಗೇ. ಮೈದುನ ಆ ಕಡೆ ತಿರುಗಿಯೂ ನೋಡಲಿಲ್ಲ. ಕಟ್ಟಿಸಿಕೊಳ್ಳುವವನು ಕಟ್ಟುವುದನ್ನು ಯಾಕೆ ಕಲಿಯಬೇಕು?

ಆಗ ಮಗಳು ಇಂಗ್ಲಿಷ್ ಪಾಠಕ್ಕೆ ಬೆಳಗಾವಿಯ ದಂಡಿನ ಪ್ರದೇಶವಾದ ಕ್ಯಾಂಪಿನಲ್ಲಿದ್ದ ಒಬ್ಬ ಮುದಿ ಟೀಚರ ಮನೆಗೆ ಹೋಗುತ್ತಿದ್ದಳು. ಆಕೆಯ ಅಜ್ಜ ಸ್ಕಾಟ್ಲೆಂಡಿನವನಂತೆ. ಪಾಠ ಮುಗಿದ ಮೇಲೆ, ಮಗಳನ್ನು ಕರೆತರಲು ಹೋದ ನನ್ನನ್ನೂ ಕೂರಿಸಿಕೊಂಡು ಚಹಾ ಕೊಟ್ಟು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ತನ್ನ ಅಜ್ಜನ ಊರಿನ ಧಣಿಗಳ ಕಥೆ ಹೇಳುತ್ತಿದ್ದಳು. ಅವರಿಗೆ ಅರ್ಲ್ ಎಂಬ ಪದವಿ. ತಲೆಮಾರಿನಿಂದ ತಲೆಮಾರಿಗೆ ಬರುವಂಥದ್ದು. ಅಲ್ಲಿನ ದೇಸಗತಿ ಎಂದು ನಾನು ತಿಳಿದುಕೊಂಡೆ. ಕಥೆ ಮುಂದುವರಿದಂತೆ ನನ್ನ ಚಹಾ ಆರುತ್ತಿತ್ತು, ತಲೆ ಬಿಸಿಯಾಗುತ್ತಿತ್ತು.

ಮೇ ರಜೆಗೆ ವಾಡೆಗೆ ಹೋದಾಗ ಆ ಕಥೆಯನ್ನು ಮಾವನವರಿಗೆ ಸ್ವಲ್ಪ ಸ್ವಲ್ಪವಾಗಿ ಬಡಿಸಿದೆ. ಸಾಹೇಬರ ಸುದ್ದಿ ಎಂದರೆ ಅವರಿಗೆ ಪ್ರಾಣ. ತಮ್ಮ ಅಜ್ಜನ ಕೈಯನ್ನು ಯಾರೋ ಒಬ್ಬ ಬ್ರಿಟಿಷ್ ಕಲೆಕ್ಟರ್ ಕುಲುಕಿದ್ದನ್ನು ವಾಡೆಗೆ ಬಂದ ಹಾಲಿನವನಿಗೂ ಹೇಳುತ್ತಿದ್ದರು.

"ಲಡಾಯಿದಾಗ ಅರಸನ ಜೀವಾ ಉಳಿಸಿದ್ದಕ್ಕ ಪದವಿ ಸಿಕ್ತಂತ್ರಿ ಮಾವಾರ."

"ನಮ್ಮಾಂಗ! ಮುಂದ?"

"ಅವನ ಮೊಮ್ಮಗಾ ಅರಸನ ವೈರಿಗಳ ಜೋಡಿ ಸೇರಿದ. ಪದವಿ ಕಸಗೊಂಡ್ರು."

"ಥೂ ಖೋಡಿ! ಮುಂದ?"

"ಮುಂದಿನ ಅರಸ ತಿರುಗಿ ಕೊಟ್ಟ. ಆಮ್ಯಾಲ ಒಬ್ಬ ಧಣಿಗೆ ಗಂಡಮಕ್ಕಳ ಆಗಲಿಲ್ಲ."

ಅಲ್ಲಿಗೆ ನಿಲ್ಲಿಸಿ ಎದ್ದು ರೊಟ್ಟಿ ಬಡಿಯಲು ಹೋದೆ. ಮರುದಿನ ಬೆಳಿಗ್ಗೆ, ಎಂದೂ ಅಡುಗೆಮನೆಯ ಕಡೆ ಸುಳಿಯದ ಮಾವನವರು ಬಾಗಿಲಲ್ಲಿ ನಿಂತಿದ್ದರು.

"ಯವ್ವಾ, ಆ ಧಣಿ ಪದವಿ ಏನಾತು? ಮುಳುಗೇ ಹೋತೇನ?"

"ಇಲ್ರಿ. ಮಗಳು ಕುಂತಳು. ಆಕಿನ್ನ ಮದವಿ ಆದಾಂವ ತನ್ನ ಅಡ್ಡಹೆಸರು ಬಿಟ್ಟು ಆಕೀದು ಇಟ್ಕೊಂಡ."

"ಉಳೀತಲ್ಲ, ಛಲೋ ಆತು!" ಅವರ ಮುಖ ಅರಳಿತು. ಆಮೇಲೆ ನನ್ನ ಮುಖ ನೋಡಿದರು. ಅಂಗಳದಲ್ಲಿ ರುಮಾಲನ್ನು ಬಿಸಿಲಿಗೆ ಹರವುತ್ತಿದ್ದ ಮೊಮ್ಮಗಳನ್ನೂ ನೋಡಿದರು. ಅರಳಿದ್ದು ಮುದುಡಿತು.

"ಸ್ಕಾಟ್ಲೆಂಡಿನ್ಯಾಗ ಥಂಡಿ ಭಾಳ. ಅಲ್ಲಿ ಎಲ್ಲಾ ನಡೀತೈತಿ."

"ಥಂಡಿಗೂ ಮಗಳಿಗೂ ಏನ್ ಸಂಬಂಧ್ರಿ ಮಾವಾರ?"

"ನೀ ಮೊದಲ ರೊಟ್ಟಿ ನೋಡ. ಹೊತ್ತಾಕತ್ತೈತಿ."

ರೊಟ್ಟಿ ಹೊತ್ತುತ್ತಿರಲಿಲ್ಲ. ಹೊತ್ತುತ್ತಿದ್ದವಳು ನಾನು. ಪರದೇಶದ ಧಣಿಯ ಮಗಳು ಕೂತದ್ದಕ್ಕೆ ಸಂತೋಷಪಟ್ಟ ಮನುಷ್ಯನಿಗೆ ಸ್ವಂತ ಮೊಮ್ಮಗಳು ಅಂಗಳದಲ್ಲೇ ಇದ್ದರೂ ಕಂಡೂ ಕಾಣದವಳಾದಳು.

ಮರುವರ್ಷ ಅವರಿಗೆ ಲಕ್ವಾ ಹೊಡೆದು ಮಾತು, ಬಲಗೈ ಎರಡೂ ಹೋದವು. ಮೈದುನನಿಗೆ ಗಾದಿ ಬಂತು. ಆ ದಸರೆಗೆ ನಾವು ಬರುವುದಿಲ್ಲ ಎಂದು ನಾನು ಮೊದಲೇ ಹೇಳಿ ಕಳಿಸಿದೆ. ಹಬ್ಬದ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಮೈದುನ, ಕೈಯಲ್ಲಿ ಚೀಲ, ಚೀಲದಲ್ಲಿ ರುಮಾಲು. ಹಿಂದಿನ ದಿನ ತಾನೇ ಸುತ್ತಿಕೊಂಡು ನೋಡಿದನಂತೆ. ಊರಿನ ಹಿರಿಯರು ಬಾಯಿಗೆ ಶಲ್ಯ ಅಡ್ಡ ಹಿಡಿದು ನಕ್ಕರಂತೆ.

"ವೈನಿ, ಹುಡುಗಿನ್ನ ಕಳಸ್ರಿ. ರಾತ್ರಿ ತಿರುಗಿ ತಂದು ಬಿಡ್ತೀನಿ."

"ಗಾದಿ ಮ್ಯಾಲೆ ಕುಂದರಸೂದಾದ್ರ ಕಳಸ್ತೀನಿ."

"ಏನ್ ಚೇಷ್ಟಾ ಮಾಡ್ತೀರಿ! ಹೆಣ್ಣುಡುಗಿ ಗಾದಿ ಮ್ಯಾಲೆ?"

"ಹಂಗಾರ ಇಲ್ಲೇ ಕಟ್ಟಿಸ್ಕೊಂಡು ಹೋಗ್ರಿ. ಖಾನಾಪುರ ಬಸ್ಸು ಅದಾವಲ್ಲ."

ಗಂಡನ ಪೇಪರು ಇನ್ನಷ್ಟು ಮೇಲೇರಿತು. ಬೇರೆ ದಾರಿ ಕಾಣದೆ ಮೈದುನ ನಡುಮನೆಯ ಮಣೆಯ ಮೇಲೆ ಕೂತ. ಮಗಳು ಜಡೆಯನ್ನು ಹಿಂದಕ್ಕೆ ಎಸೆದು ಕಟ್ಟಲು ನಿಂತಳು. ನಾನು ಅವಳ ಹಿಂದೆ ಹೋಗಿ ಕಿವಿಯಲ್ಲಿ ಹೇಳಿದೆ: "ಸಡ್ಲ ಕಟ್ಟ. ಖಾನಾಪುರದ ತಗ್ಗಿನ್ಯಾಗ ಬಸ್ಸು ಜಿಗಿದ ಕೂಡ್ಲೆ ಬಿಚ್ಚಬೇಕು."

ಅವಳು ಹಲ್ಲಿನಲ್ಲಿ ತುದಿ ಕಚ್ಚಿ ಇನ್ನೂ ಬಿಗಿಯಾಗಿ ಎಳೆದಳು. "ಅಜ್ಜಾ ನನಗ ಸಡ್ಲ ಕಟ್ಟೂದು ಕಲಿಸಿಲ್ಲವ್ವಾ."

ಎಡಗಿವಿಯ ಮೇಲೆ ಮಡಿಕೆ ಚೊಕ್ಕಾಗಿ ಬಂತು. ಎರಡು ಹೆಜ್ಜೆ ಹಿಂದೆ ಸರಿದು, ಮಾವನವರು ಕನ್ನಡಿ ನೋಡುತ್ತಿದ್ದ ಹಾಗೆಯೇ ತಲೆ ಓರೆ ಮಾಡಿ ನೋಡಿದಳು. ಇಡೀ ಮನೆತನದಲ್ಲಿ ಆ ಗಾದಿಗೆ ತಕ್ಕವರು ಯಾರು ಎಂದು ನನಗೆ ಆಗ ಕಂಡಿತು. ನನ್ನೊಬ್ಬಳಿಗೇ ಕಂಡಿತು, ಅದೇ ಸಂಕಟ.

ಮೈದುನ ಕತ್ತು ನೆಟ್ಟಗೆ ಮಾಡಿಕೊಂಡು ಬಾಗಿಲಿಗೆ ಬಂದ. ಚಪ್ಪಲಿ ಕಟ್ಟೆಯ ಕೆಳಗೆ ಸರಿದಿದ್ದವು.

"ವೈನಿ, ಚಪ್ಪಲಿ ಒಂದೀಟು ಈಕಡೆ ಸರಸ್ರಿ. ರುಮಾಲು ಐತಿ, ಬಗ್ಗಾಕ ಬರಂಗಿಲ್ಲ."

"ಸ್ಕಾಟ್ಲೆಂಡಿನ್ಯಾಗ ಆಗಿದ್ರ ಗಾದಿ ಮ್ಯಾಲೆ ಕುಂತಾಕಿಗೆ ಸರಸ್ತಿದ್ದೆ," ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಕಣ್ಣು ಮೇಲೆಯೇ ಇಟ್ಟುಕೊಂಡು, ಕಾಲಿನಿಂದ ತಡಕಾಡುತ್ತ ನಿಂತ ಹೊಸ ದೇಸಾಯಿಯನ್ನು ನೋಡುತ್ತ ನಾನು ಕೈಕಟ್ಟಿಕೊಂಡು ಅಲ್ಲೇ ನಿಂತೆ.